ದಾಳಿಂಬೆ ಹಣ್ಣು ಒಳ್ಳೆಯದು, ಡಬ್ಬಿಯ ಮಾತ್ರೆಯೂ ಹಾಗೆಯೇ?

ಗಲ್ಫಿನಿಂದ ಮಗ ರಜೆಗೆ ಬಂದ ದಿನ ಪೆಟ್ಟಿಗೆ ಬಿಚ್ಚುವುದೇ ನಮ್ಮ ಮನೆಗಳಲ್ಲಿ ಒಂದು ಹಬ್ಬ. ಮೊದಲೆಲ್ಲ ಅದರೊಳಗೆ ಹಾಲಿನ ಪುಡಿ, ಬಾದಾಮಿ, ಖರ್ಜೂರ, ಅತ್ತರ್, ಟೈಗರ್ ಬಾಮ್ ಇರುತ್ತಿತ್ತು. ಈಗ ಅದಕ್ಕೆ ಇನ್ನೊಂದು ಸಾಮಾನು ಸೇರಿದೆ. ಮುಚ್ಚಳಕ್ಕೆ ಸೀಲ್ ಹಾಕಿದ, ಹೊರಗೆ ಕೆಂಪು ಹಣ್ಣಿನ ಚಿತ್ರವಿರುವ ಪ್ಲಾಸ್ಟಿಕ್ ಡಬ್ಬಿ. ಒಳಗೆ ಅರುವತ್ತು ಕ್ಯಾಪ್ಸೂಲ್.

ಹೋದ ವರ್ಷ ನನ್ನ ಅಣ್ಣ ದಮ್ಮಾಮಿನಿಂದ ಬರುವಾಗ ಉಮ್ಮನಿಗೆ ತಂದದ್ದು ಅಂಥದ್ದೇ ಒಂದು ಡಬ್ಬಿ. ದಾಳಿಂಬೆ ಸಾರದ ಕ್ಯಾಪ್ಸೂಲ್. "ಉಮ್ಮಾ, ಇದು ಹಾರ್ಟಿಗೂ ಒಳ್ಳೇದು, ಬಿ.ಪಿ.ಗೂ ಒಳ್ಳೇದು. ಬರೀ ಹಣ್ಣು, ಸೈಡ್ ಎಫೆಕ್ಟ್ ಎಂತದೂ ಇಲ್ಲ" ಎಂದು ಹೇಳಿ ಕೊಟ್ಟ. ಮಗ ದುಡಿದ ದುಡ್ಡಿನಿಂದ ಪ್ರೀತಿಯಿಂದ ತಂದದ್ದು. ಉಮ್ಮ ದಿನಾ ಬೆಳಿಗ್ಗೆ ಬಿಸ್ಮಿ ಹೇಳಿ ಒಂದು ನುಂಗುತ್ತಿದ್ದರು.

ಒಂದೂವರೆ ತಿಂಗಳು ಕಳೆದಿರಬಹುದು. ಒಂದು ಶುಕ್ರವಾರ ಉಮ್ಮನಿಗೆ ತಲೆ ಸಿಡಿಯುವಂಥ ನೋವು, ಎದ್ದರೆ ತಲೆ ತಿರುಗುವುದು. ಡಾಕ್ಟರ್ ಬಳಿಗೆ ಕರೆದುಕೊಂಡು ಹೋದೆವು. ಬಿ.ಪಿ. 180ರ ಮೇಲೆ ಇತ್ತು. "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಂದು ಕೇಳಿದಾಗ ಉಮ್ಮ ಮುಖ ಕೆಳಗೆ ಹಾಕಿದರು. ಮನೆಗೆ ಬಂದು ನೋಡಿದರೆ ಬಿ.ಪಿ. ಮಾತ್ರೆಯ ಸ್ಟ್ರಿಪ್‌ಗಳು ಹಾಗೆಯೇ ಉಳಿದಿವೆ. "ಎರಡೆರಡು ಮದ್ದು ಯಾಕೆ ಅಂತ ಬಿಟ್ಟೆ. ಇದು ಹಣ್ಣಿನದ್ದಲ್ವಾ" ಎಂದರು.

ಡಾಕ್ಟರ್ ಹೇಳಿದ ಮಾತು ಸರಳವಾಗಿತ್ತು: "ಕ್ಯಾಪ್ಸೂಲ್ ತಿಂದದ್ದಕ್ಕೆ ಹೀಗಾದದ್ದಲ್ಲ, ಮಾತ್ರೆ ಬಿಟ್ಟದ್ದಕ್ಕೆ ಆದದ್ದು." ಆ ದಿನದಿಂದ ಈ ದಾಳಿಂಬೆ ಸಾರದ ಬಗ್ಗೆ ಸ್ವಲ್ಪ ಓದಿದೆ, ತಿಳಿದವರಲ್ಲಿ ಕೇಳಿದೆ. ಇಂಥ ಡಬ್ಬಿ ನಿಮ್ಮ ಮನೆಯ ಕಪಾಟಿನಲ್ಲೂ ಇರಬಹುದು ಎಂಬ ಕಾರಣಕ್ಕೆ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡಬ್ಬಿಯೊಳಗೆ ಇರುವುದೇನು?

ನಾವು ತಿನ್ನುವುದು ದಾಳಿಂಬೆಯ ಕೆಂಪು ಕಾಳು. ಆದರೆ ಕ್ಯಾಪ್ಸೂಲಿನ ಸಾರವನ್ನು ಹೆಚ್ಚಾಗಿ ತೆಗೆಯುವುದು ನಾವು ಬಿಸಾಡುವ ಸಿಪ್ಪೆಯಿಂದ ಅಥವಾ ರಸ ಹಿಂಡಿದ ಮೇಲೆ ಉಳಿಯುವ ಭಾಗದಿಂದ. ಸಿಪ್ಪೆಯಲ್ಲಿ ಪ್ಯೂನಿಕಾಲಾಜಿನ್ ಎಂಬ ಒಗರು ಅಂಶ ಹೇರಳವಾಗಿದೆ. ಅದು ದೇಹದೊಳಗೆ ಎಲಾಜಿಕ್ ಆಮ್ಲವಾಗಿ ಒಡೆಯುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಯೂರೋಲಿಥಿನ್ ಎಂಬ ಇನ್ನೊಂದು ವಸ್ತುವಾಗಿ ಮಾರ್ಪಡಿಸುತ್ತವೆ. ದಾಳಿಂಬೆಯ ಗುಣ ಎಂದು ವಿಜ್ಞಾನಿಗಳು ಹೇಳುವುದರಲ್ಲಿ ದೊಡ್ಡ ಪಾಲು ಇದರದ್ದೇ. ಈ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಿನಲ್ಲೂ ಒಂದೇ ರೀತಿ ಇರುವುದಿಲ್ಲ. ಹಾಗಾಗಿ ಒಂದೇ ಡಬ್ಬಿಯ ಮಾತ್ರೆ ತಿಂದ ಇಬ್ಬರಿಗೆ ಒಂದೇ ಫಲ ಸಿಗುತ್ತದೆಂಬ ಖಾತರಿ ಇಲ್ಲ.

ಇನ್ನೊಂದು ವಿಷಯ ಕೇಳಿದರೆ ಆಶ್ಚರ್ಯವಾಗಬಹುದು. ಅಮೆರಿಕದ ವಿಜ್ಞಾನಿಗಳು ಅಂಗಡಿಯಲ್ಲಿ ಮಾರುವ 27 ಬಗೆಯ ದಾಳಿಂಬೆ ಸಪ್ಲಿಮೆಂಟ್‌ಗಳನ್ನು ಪರೀಕ್ಷಿಸಿ 2009ರಲ್ಲಿ ವರದಿ ಪ್ರಕಟಿಸಿದರು. ದಾಳಿಂಬೆಗೆ ಸಹಜವಾದ ಅಂಶಗಳು ಸರಿಯಾಗಿ ಕಂಡದ್ದು ಕೇವಲ 5ರಲ್ಲಿ. 17ರಲ್ಲಿ ಇದ್ದದ್ದು ಮುಖ್ಯವಾಗಿ ಎಲಾಜಿಕ್ ಆಮ್ಲ, ದಾಳಿಂಬೆಯ ಒಗರು ಅಂಶ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ. ಉಳಿದ 5ರಲ್ಲಿ ಎರಡೂ ಇರಲಿಲ್ಲ. ಎಲಾಜಿಕ್ ಆಮ್ಲ ಬೇರೆ ಗಿಡಗಳಿಂದಲೂ ಅಗ್ಗವಾಗಿ ಸಿಗುತ್ತದೆ. ಲೇಬಲ್ಲಿನಲ್ಲಿ "ಎಲಾಜಿಕ್ ಆಮ್ಲ ಶೇ. 90" ಎಂದು ದೊಡ್ಡದಾಗಿ ಬರೆದಿದ್ದರೆ ಹಿಗ್ಗುವ ಬದಲು ಸಂಶಯ ಪಡುವುದೇ ಸರಿ. ಹಣ್ಣಿನಲ್ಲಿ ಅದು ಅಷ್ಟೊಂದು ಪ್ರಮಾಣದಲ್ಲಿ ಇರುವುದಿಲ್ಲ.

ಬಿ.ಪಿ.ಗೆ ಎಷ್ಟು ಉಪಯೋಗ?

ದಾಳಿಂಬೆಗೆ ಗುಣವೇ ಇಲ್ಲ ಎಂದು ಹೇಳಿದರೆ ಅದೂ ತಪ್ಪು. 2017ರಲ್ಲಿ ಎಂಟು ಪ್ರಯೋಗಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ, ದಾಳಿಂಬೆ ರಸ ಕುಡಿದವರ ಮೇಲಿನ ಬಿ.ಪಿ. ಸರಾಸರಿ 5 ಅಂಕದಷ್ಟು, ಕೆಳಗಿನದ್ದು 2 ಅಂಕದಷ್ಟು ಇಳಿದಿತ್ತು. 180 ಇದ್ದವರಿಗೆ 175 ಆದರೆ ಸಾಕೇ? ಮಾತ್ರೆ ಬಿಡಲು ಅದು ಖಂಡಿತ ಸಾಲದು. ಅಲ್ಲದೆ ಆ ಎಂಟೂ ಪ್ರಯೋಗ ನಡೆದದ್ದು ರಸದ ಮೇಲೆ. ರಸದ ಫಲವನ್ನು ಕ್ಯಾಪ್ಸೂಲಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ರಸಕ್ಕೂ ಸಾರಕ್ಕೂ ಇರುವ ಈ ವ್ಯತ್ಯಾಸ ಪ್ರಾಸ್ಟೇಟ್ ಕ್ಯಾನ್ಸರ್ ವಿಷಯದಲ್ಲೂ ಕಂಡಿದೆ. 2006ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ದಾಳಿಂಬೆ ರಸ ಕುಡಿದ ರೋಗಿಗಳ ರಕ್ತದಲ್ಲಿ ಪಿ.ಎಸ್.ಎ. ಅಂಶ ಏರುವ ವೇಗ ಕಡಿಮೆಯಾದಂತೆ ಕಂಡಿತು. ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆದರೆ ಅದರಲ್ಲಿ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಮುಂದೆ ಒಂದು ಗುಂಪಿಗೆ ದಾಳಿಂಬೆ ಸಾರ, ಇನ್ನೊಂದು ಗುಂಪಿಗೆ ಏನೂ ಇಲ್ಲದ ಹುಸಿ ಮದ್ದು ಕೊಟ್ಟು ನೋಡಿದರು. 2015ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಕೋರ್ಟಿಗೆ ಹೋದ ಜಾಹೀರಾತು

ಅಮೆರಿಕದ ಪಾಮ್ ವಂಡರ್‌ಫುಲ್ ಎಂಬ ಕಂಪೆನಿ ದಾಳಿಂಬೆ ರಸವನ್ನೂ ಮಾತ್ರೆಯನ್ನೂ ಮಾರುತ್ತಿತ್ತು. ಹೃದಯ ರೋಗ, ಪ್ರಾಸ್ಟೇಟ್ ಕ್ಯಾನ್ಸರ್, ಗಂಡಸರ ಲೈಂಗಿಕ ದೌರ್ಬಲ್ಯ ಇವಕ್ಕೆಲ್ಲ ಪ್ರಯೋಜನ ಎಂಬ ಅರ್ಥ ಬರುವ ಜಾಹೀರಾತು ಕೊಟ್ಟಿತು. ಸಂಶೋಧನೆಗಾಗಿ ಮೂರೂವರೆ ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡಿದ್ದೇವೆ ಎಂದೂ ಹೇಳಿಕೊಂಡಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಇದನ್ನು ಪ್ರಶ್ನಿಸಿತು. ರೋಗದ ಬಗ್ಗೆ ಮಾಡಿದ ಈ ಹೇಳಿಕೆಗಳಿಗೆ ತಕ್ಕ ಆಧಾರವಿಲ್ಲ, ಇವು ಗ್ರಾಹಕರನ್ನು ದಾರಿ ತಪ್ಪಿಸುತ್ತವೆ ಎಂದು 2013ರಲ್ಲಿ ತೀರ್ಮಾನಿಸಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿ ಹಿಡಿಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಕಂಪೆನಿಯ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ಅಷ್ಟು ಹಣ ಸುರಿದ ಕಂಪೆನಿಗೇ ಕೋರ್ಟಿನಲ್ಲಿ ನಿಲ್ಲುವಂಥ ಪುರಾವೆ ಕೊಡಲಿಕ್ಕೆ ಆಗಲಿಲ್ಲ. ಹಾಗಿರುವಾಗ ಫ್ಯಾಮಿಲಿ ಗ್ರೂಪಿಗೆ ಬರುವ ವಾಟ್ಸ್ಯಾಪ್ ಫಾರ್ವರ್ಡ್ ನಂಬಿ ಮದ್ದು ಬಿಡುವುದು ಎಷ್ಟು ಸರಿ?

ಯಾರು ಜಾಗ್ರತೆ ಮಾಡಬೇಕು?

ಆರೋಗ್ಯವಂತರು ಸ್ವಲ್ಪ ದಿನ ತಿಂದರೆ ದೊಡ್ಡ ಅಪಾಯವೇನೂ ಕಂಡುಬಂದಿಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 64 ಮಂದಿಗೆ ದಿನಕ್ಕೆ 1,420 ಮಿ.ಗ್ರಾಂ.ವರೆಗೆ ಸಾರ ಕೊಟ್ಟು ನಾಲ್ಕು ವಾರ ನೋಡಿದಾಗ ಗಂಭೀರ ತೊಂದರೆ ಕಾಣಲಿಲ್ಲ. ಆದರೆ ನಾಲ್ಕು ವಾರ ಬೇರೆ, ವರ್ಷಗಟ್ಟಲೆ ತಿನ್ನುವುದು ಬೇರೆ. ಕೆಲವರಿಗೆ ಹೊಟ್ಟೆ ಕೆಡಬಹುದು. ಅಪರೂಪಕ್ಕೆ ಅಲರ್ಜಿಯಾಗಿ ಮೈ ತುರಿಕೆ, ಮುಖ ಊದುವುದು, ಉಸಿರಾಟದ ತೊಂದರೆ ಬಂದದ್ದೂ ಇದೆ. ಉಸಿರು ಕಟ್ಟಿದ ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗಾಗಲೇ ಬೇರೆ ಮದ್ದು ತೆಗೆದುಕೊಳ್ಳುವವರು ಡಾಕ್ಟರಲ್ಲಿ ಕೇಳದೆ ಇದನ್ನು ಶುರು ಮಾಡಬಾರದು. ಮುಖ್ಯವಾಗಿ ಇವರು:

ಬಿ.ಪಿ. ಮಾತ್ರೆ ತಿನ್ನುವವರು: ದಾಳಿಂಬೆಯೂ ಸ್ವಲ್ಪ ಬಿ.ಪಿ. ಇಳಿಸುವುದರಿಂದ ಎರಡೂ ಸೇರಿ ಕೆಲವರಿಗೆ ತಲೆ ತಿರುಗಬಹುದು. ಉಪವಾಸದ ತಿಂಗಳಲ್ಲಿ ಮಾತ್ರೆಯ ಹೊತ್ತು ಬದಲಾಗುತ್ತದೆ, ನೀರು ಕುಡಿಯುವುದೂ ಕಡಿಮೆ. ಆಗ ಇನ್ನೂ ಹೆಚ್ಚು ಗಮನ ಬೇಕು.

ರಕ್ತ ತೆಳುವಾಗಿಸುವ ಮದ್ದಿನವರು: ಹೃದಯದ ಕವಾಟದ ಆಪರೇಷನ್ ಆದವರಿಗೆ ವಾರ್ಫರಿನ್‌ನಂಥ ಮದ್ದು ಕೊಡುತ್ತಾರೆ. ಅವರು ಆಗಾಗ ಐ.ಎನ್.ಆರ್. ಪರೀಕ್ಷೆ ಮಾಡಿಸಿಕೊಳ್ಳಬೇಕು. ದಾಳಿಂಬೆ ರಸ ಶುರು ಮಾಡಿದಾಗ ಅಥವಾ ನಿಲ್ಲಿಸಿದಾಗ ಐ.ಎನ್.ಆರ್. ಏರುಪೇರಾದ ಕೆಲವು ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ.

ಕೊಲೆಸ್ಟರಾಲ್ ಮಾತ್ರೆಯವರು: ರೋಸುವಾಸ್ಟಾಟಿನ್ ತಿನ್ನುತ್ತಿದ್ದ ಒಬ್ಬರು ವಾರಕ್ಕೆರಡು ಸಲ ದಾಳಿಂಬೆ ರಸ ಕುಡಿಯಲು ಶುರು ಮಾಡಿದ ಮೇಲೆ ಅವರ ಸ್ನಾಯುಗಳಿಗೆ ತೀವ್ರ ಹಾನಿಯಾದ ಪ್ರಕರಣ 2006ರಲ್ಲಿ ವರದಿಯಾಗಿತ್ತು. ಒಂದೇ ಪ್ರಕರಣದಿಂದ ರಸವೇ ಕಾರಣ ಎಂದು ಹೇಳಲಿಕ್ಕಾಗದು. ಆದರೂ ಮೈ ಕೈ ವಿಪರೀತ ನೋವು, ಕಂದು ಬಣ್ಣದ ಮೂತ್ರ ಕಂಡರೆ ಕೂಡಲೇ ಡಾಕ್ಟರಿಗೆ ತೋರಿಸಿ.

ಕಿಡ್ನಿ ತೊಂದರೆಯವರು: ದಾಳಿಂಬೆಯಲ್ಲಿ, ಅದರಲ್ಲೂ ರಸದಲ್ಲಿ ಪೊಟ್ಯಾಸಿಯಂ ಚೆನ್ನಾಗಿಯೇ ಇದೆ. ಡಯಾಲಿಸಿಸ್ ಆಗುತ್ತಿರುವವರು ಡಾಕ್ಟರ್ ಹೇಳಿದಷ್ಟೇ ತಿನ್ನಬೇಕು.

ಸಕ್ಕರೆ ಕಾಯಿಲೆಯವರು: ಒಂದು ಲೋಟ, ಅಂದರೆ 200 ಮಿ.ಲೀ. ರಸದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಉಂಟು. ಐದಾರು ಚಮಚ ಆಯಿತು. ಮೇಲಿಂದ ಸಕ್ಕರೆ ಹಾಕದಿದ್ದರೂ ಇದು ಇದ್ದೇ ಇರುತ್ತದೆ. ರಸಕ್ಕಿಂತ ನಾರು ಸಹಿತ ಕಾಳು ತಿನ್ನುವುದು ವಾಸಿ, ಅದೂ ಮಿತಿಯಲ್ಲಿ.

ಆಪರೇಷನ್ ಇರುವವರು: ಕಡಿಮೆಯೆಂದರೆ ಎರಡು ವಾರ ಮೊದಲೇ ಇಂಥ ಸಪ್ಲಿಮೆಂಟ್ ನಿಲ್ಲಿಸುವುದು ಒಳ್ಳೆಯದು. ನಿಲ್ಲಿಸಿದ್ದನ್ನೂ ಡಾಕ್ಟರಿಗೆ ಹೇಳಬೇಕು.

"ರಕ್ತ ಆಗ್ತದೆ" ಎಂಬ ನಂಬಿಕೆ

ಮಗಳು ಬಸುರಿ ಎಂದು ತಿಳಿದ ಕೂಡಲೇ ಮನೆಗೆ ದಾಳಿಂಬೆ ಬರಲು ಶುರುವಾಗುತ್ತದೆ. "ಕೆಂಪು ಹಣ್ಣು, ರಕ್ತ ಆಗ್ತದೆ" ಎನ್ನುತ್ತೇವೆ. ತಿನ್ನಲಿ, ಒಳ್ಳೆಯದೇ. ಆದರೆ ಕೆಂಪು ಬಣ್ಣಕ್ಕೂ ಕಬ್ಬಿಣಾಂಶಕ್ಕೂ ಸಂಬಂಧವಿಲ್ಲ. 100 ಗ್ರಾಂ ದಾಳಿಂಬೆ ಕಾಳಿನಲ್ಲಿ ಕಬ್ಬಿಣ ಇರುವುದು ಸುಮಾರು 0.3 ಮಿ.ಗ್ರಾಂ. ಮಾತ್ರ. ಸರಕಾರ ಗರ್ಭಿಣಿಯರಿಗೆ ಉಚಿತವಾಗಿ ಕೊಡುವ ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ ಇದೆ. ಅಷ್ಟು ಕಬ್ಬಿಣ ದಾಳಿಂಬೆಯಿಂದಲೇ ಬರಬೇಕಾದರೆ ದಿನಕ್ಕೆ 20 ಕೆ.ಜಿ. ಕಾಳು ತಿನ್ನಬೇಕು!

ಕೆಲವು ಗರ್ಭಿಣಿಯರು ಈ ಮಾತ್ರೆ ತಿಂದರೆ ವಾಂತಿ ಬರುತ್ತದೆ, ಮಲ ಕಪ್ಪಾಗುತ್ತದೆ ಎಂದು ಬಿಟ್ಟುಬಿಡುತ್ತಾರೆ. ಮನೆಯವರೂ "ಹೋಗ್ಲಿ, ದಾಳಿಂಬೆ ಕೊಡುವ" ಎನ್ನುತ್ತಾರೆ. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತಸ್ರಾವವಾದರೂ ಜೀವಕ್ಕೆ ಅಪಾಯ. ಮಾತ್ರೆ ಒಗ್ಗದಿದ್ದರೆ ಆಶಾ ಕಾರ್ಯಕರ್ತೆಗೆ ಅಥವಾ ಡಾಕ್ಟರಿಗೆ ಹೇಳಿದರೆ ಬೇರೆ ದಾರಿ ತೋರಿಸುತ್ತಾರೆ. ಇನ್ನು ಸಾರದ ಕ್ಯಾಪ್ಸೂಲಿನ ಮಾತು. ಬಸುರಿ, ಬಾಣಂತಿಯರಿಗೆ ಅದು ಸುರಕ್ಷಿತ ಎಂದು ಸಾಬೀತಾಗಿಲ್ಲ. ಅದರ ಒಗರು ಅಂಶ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯಲೂಬಹುದು. ಅವರಿಗೆ ಹಣ್ಣು ಸಾಕು.

ಮನೆಮದ್ದಿನವರಿಗೂ ಒಂದು ಮಾತು. ದಾಳಿಂಬೆ ಗಿಡದ ಬೇರು ಮತ್ತು ಕಾಂಡದ ತೊಗಟೆಯಲ್ಲಿ ವಿಷಕಾರಿ ಅಂಶ ಇದೆ. ಅದನ್ನು ಕಷಾಯ ಮಾಡಿ ಮಕ್ಕಳಿಗೆ ಕುಡಿಸಲೇಬಾರದು.

ಕೊಳ್ಳುವುದೇ ಆದರೆ

ನಮ್ಮ ದೇಶದಲ್ಲಿ ಮಾರುವ ಸಪ್ಲಿಮೆಂಟ್ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಇದು ಔಷಧಿಯಾಗಿ ಬಳಸುವುದಕ್ಕಲ್ಲ ಎಂಬ ಸೂಚನೆ ಇರಲೇಬೇಕೆಂದು ನಿಯಮವಿದೆ. ಆ ಸಾಲನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ನಾವು ಓದುವುದಿಲ್ಲ. ಯಾವ ಭಾಗದ ಸಾರ, ಎಷ್ಟು ಮಿ.ಗ್ರಾಂ., ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನೂ ನೋಡಿ. ರೋಗ ಗುಣಪಡಿಸುತ್ತದೆ ಎಂದು ಬರೆದ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಬನ್ನಿ.

ಕ್ಯಾಪ್ಸೂಲಿನ ಹೊರಕವಚದ ಬಗ್ಗೆಯೂ ವಿಚಾರಿಸಬೇಕು. ಅದು ಹೆಚ್ಚಾಗಿ ಜೆಲಟಿನ್‌ನಿಂದ ಆದದ್ದು. ಜೆಲಟಿನ್ ದನದ್ದೂ ಇರಬಹುದು, ಹಂದಿಯದ್ದೂ ಇರಬಹುದು. ಹಲಾಲ್ ಮುದ್ರೆ ಇದೆಯೇ ಅಥವಾ ಸಸ್ಯಜನ್ಯ ಕವಚವೇ ಎಂದು ನೋಡಿ. ಹಣ್ಣಿನ ಮದ್ದು ಎಂದು ನುಂಗುವಾಗ ಈ ಯೋಚನೆ ನಮಗೆ ಬರುವುದೇ ಇಲ್ಲ.

ಕುರ್‌ಆನಿನಲ್ಲಿ ಹೇಳಿದ ಹಣ್ಣು ಎಂದು ಜಾಹೀರಾತು ಮಾಡುವವರೂ ಇದ್ದಾರೆ. ಹೌದು, ಅಲ್ ಅನ್‌ಆಮ್ ಸೂರಾದಲ್ಲಿ ಎರಡು ಕಡೆ, ಅರ್ರಹ್ಮಾನ್ ಸೂರಾದಲ್ಲಿ ಒಂದು ಕಡೆ ರುಮ್ಮಾನ್, ಅಂದರೆ ದಾಳಿಂಬೆಯ ಉಲ್ಲೇಖ ಇದೆ. ಅಲ್ಲಿರುವುದು ಅಲ್ಲಾಹನ ಅನುಗ್ರಹವಾದ ಹಣ್ಣಿನ ಮಾತು. ಅನ್‌ಆಮ್ ಸೂರಾದ 141ನೇ ವಚನದಲ್ಲಿ ಫಲ ತಿನ್ನಿ, ಅದರ ಹಕ್ಕಿನ ಪಾಲು ಕೊಡಿ ಎಂಬುದರ ಜೊತೆಗೇ ದುಂದು ಮಾಡಬೇಡಿ ಎಂಬ ಎಚ್ಚರಿಕೆಯೂ ಇದೆ. ಸಾವಿರಾರು ರೂಪಾಯಿಯ ಡಬ್ಬಿ ಕೈಗೆತ್ತಿಕೊಳ್ಳುವಾಗ ಅದನ್ನೂ ನೆನಪು ಮಾಡಿಕೊಳ್ಳಬಹುದು. ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ರೈತರು ಬೆಳೆದ ದಾಳಿಂಬೆ ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ.

ಉಮ್ಮನ ಬಿ.ಪಿ. ಈಗ ಹತೋಟಿಯಲ್ಲಿದೆ, ಅಲ್‌ಹಮ್ದುಲಿಲ್ಲಾಹ್. ಬೆಳಿಗ್ಗೆ ತಿಂಡಿಯಾದ ಕೂಡಲೇ ಮಾತ್ರೆ. ಅಸರ್ ನಮಾಝ್ ಆದ ಮೇಲೆ ಅರ್ಧ ದಾಳಿಂಬೆ ಬಿಡಿಸಿ ಮೊಮ್ಮಕ್ಕಳ ಜೊತೆ ತಿನ್ನುತ್ತಾರೆ. ಹೋದ ವಾರ ಅಣ್ಣ ಫೋನ್ ಮಾಡಿ, "ಈ ಸಲ ಬರುವಾಗ ಎಂತ ತರ್ಲಿ ಉಮ್ಮಾ?" ಎಂದು ಕೇಳಿದ.

"ಡಬ್ಬಿ ಬೇಡ ಮಗಾ. ಖರ್ಜೂರ ತಾ, ಸಾಕು" ಎಂದರು ಉಮ್ಮ.