ಹೊಲಗದ್ದೆಯ ಇಲಿಗಳಿಗೆ ತಕ್ಕ ಅಮುಕುಬೋನನ್ನು ಆರಿಸುವ ಕ್ರಮ

ತೆನೆ ಹೊರಡುವ ಕಾಲದಲ್ಲಿ ಗದ್ದೆಯ ನಡುವೆ ಬುಡ ಕತ್ತರಿಸಿದ ಬತ್ತದ ಪೈರು ಕಂಡರೆ ಅದು ಇಲಿಯ ಕೆಲಸವೆಂಬುದನ್ನು ರೈತರೆಲ್ಲರೂ ಬಲ್ಲರು. ಇಲಿಯು ತಿನ್ನುವುದಲ್ಲದೆ ತೆನೆಗಳನ್ನು ಬಿಲಕ್ಕೆ ಸಾಗಿಸುತ್ತದೆ. ಬದುಗಳನ್ನು ಕೊರೆದು ನೀರನ್ನೂ ಹಾಳುಮಾಡುತ್ತದೆ. ಗರ್ಭ ನಿಂತ ಸುಮಾರು ಮೂರು ವಾರಗಳಲ್ಲೇ ಅದು ಹಲವು ಮರಿಗಳನ್ನು ಈಯುವುದರಿಂದ, ತಡಮಾಡಿದಷ್ಟೂ ನಷ್ಟ ಹೆಚ್ಚು. ವಿಷದ ತಿಂಡಿಯು ದನ, ನಾಯಿ, ಮಕ್ಕಳಿಗೆ ಅಪಾಯಕರ. ಬೋನಿನಲ್ಲಿ ಆ ಭಯವು ಕಡಮೆ. ಆದರೆ ತಕ್ಕ ಬೋನನ್ನು ಆರಿಸಿದರೆ ಮಾತ್ರ ಫಲ ಉಂಟು.

೧. ಪ್ರಾಣಿಯ ಗುರುತು.— ಬಯಲಿನ ಚಿಟ್ಟಿಲಿಯ ತೂಕ ಸುಮಾರು ೧೦ ಗ್ರಾಂ. ಗದ್ದೆಯ ಸಣ್ಣ ಹೆಗ್ಗಣದ್ದು ಸಾಮಾನ್ಯವಾಗಿ ೨೦೦ರಿಂದ ೩೦೦ ಗ್ರಾಂ. ದೊಡ್ಡ ಹೆಗ್ಗಣವು ಅರ್ಧ ಕಿಲೋಗ್ರಾಮಿಗೂ ಮೀರುವುದುಂಟು. ಇವೆಲ್ಲಕ್ಕೂ ಒಂದೇ ಬೋನು ಸಲ್ಲದು. ಬಿಲದ ಬಾಯಿಯಲ್ಲಿ ಸಡಿಲಮಣ್ಣಿನ ಗುಡ್ಡೆಯಿದ್ದು, ಬಾಯಿ ಮಣ್ಣಿನಿಂದ ಮುಚ್ಚಿದ್ದರೆ ಅದು ಸಣ್ಣ ಹೆಗ್ಗಣದ ಬಿಲವೆಂದು ತಿಳಿಯಬಹುದು. ತೆರೆದಿರುವ ಬಿಲಗಳನ್ನು ಸಂಜೆ ಮಣ್ಣಿನಿಂದ ಮುಚ್ಚಿ, ಮಾರನೆಯ ಬೆಳಿಗ್ಗೆ ಪುನಃ ತೆರೆದಿರುವುವನ್ನೇ ವಾಸದ ಬಿಲಗಳೆಂದು ಗುರುತುಮಾಡತಕ್ಕದ್ದು.

೨. ಕಮಾನಿನ ಬೋನು.— ಹಲಗೆಯ ಮೇಲೆ ತಂತಿಯ ಕಮಾನು ಬಡಿಯುವ ಈ ಬೋನು ಮನೆ ಕಣಜಗಳಿಗೆ ಅನುಕೂಲವಾದುದು. ಕೊಳ್ಳುವಾಗ ಎರಡು ಸಂಗತಿಗಳನ್ನು ಪರೀಕ್ಷಿಸಬೇಕು. ಮೊದಲನೆಯದು ಅಳತೆ: ತಿಂಡಿಯನ್ನು ಮುಟ್ಟಿದ ಇಲಿಯ ಕುತ್ತಿಗೆಯ ಮೇಲೆ ತಂತಿಯು ಬೀಳುವಂತಿರಬೇಕು. ಚಿಕ್ಕ ಬೋನಿನಲ್ಲಿ ಹೆಗ್ಗಣದ ಮೂತಿ ಮಾತ್ರ ಸಿಕ್ಕುವುದು. ದೊಡ್ಡದರಲ್ಲಿ ಚಿಟ್ಟಿಲಿಯು ತಿಂಡಿ ತಿಂದು ಹೊರಟುಹೋಗುವುದು. ಎರಡನೆಯದು ಬಲ: ಬೋನನ್ನು ಹೂಡಿ ಕಡ್ಡಿಯಿಂದ ಮುಟ್ಟಿದರೆ ಅದು ತಡೆಯಿಲ್ಲದೆ ಬಡಿದು ಕಡ್ಡಿಯನ್ನು ಬಿಗಿಯಾಗಿ ಹಿಡಿಯಬೇಕು. ಕಮಾನು ಸಡಿಲವಾಗಿದ್ದರೆ ಪ್ರಾಣಿಯು ಕೂಡಲೇ ಸಾಯದೆ ವೃಥಾ ನರಳುವುದು. ತಪ್ಪಿಸಿಕೊಂಡ ಇಲಿಯು ಮತ್ತೆ ಬೋನಿನ ಹತ್ತಿರ ಸುಳಿಯದು. ತುಕ್ಕು ಹಿಡಿದ ಬೋನನ್ನು ಹೂಡಬಾರದು.

೩. ಬಿದಿರಿನ ಬಿಲ್ಲುಬೋನು.— ತಂಜಾವೂರು ಕಿಟ್ಟಿಯೆಂದು ಹೆಸರಾದ ಇದು ಗದ್ದೆಗೆ ಉತ್ತಮವಾದುದು. ಇಲಿಯು ತಿಂಡಿಯನ್ನೆಳೆದ ಕೂಡಲೇ ಬಗ್ಗಿಸಿದ ಬಿಲ್ಲು ಬಿಟ್ಟುಕೊಂಡು ಅದರ ಕುತ್ತಿಗೆಯನ್ನು ಅಮುಕುತ್ತದೆ. ಇದರ ಬಲವೆಲ್ಲ ಬಿದಿರಿನಲ್ಲಿದೆ; ಆದಕಾರಣ ಬಲಿತ ಬಿದಿರಿನಿಂದ ಮಾಡಿದುದನ್ನೇ ಆರಿಸಿ, ಹುರಿ ನವೆದ ಕೂಡಲೇ ಬದಲಾಯಿಸಬೇಕು.

೪. ಇಡುವ ರೀತಿ.— ಇಲಿಯು ಹೊಸ ವಸ್ತುವನ್ನು ಕಂಡು ಶಂಕಿಸುತ್ತದೆ. ಆದಕಾರಣ ಎರಡು ಮೂರು ರಾತ್ರಿ ಬೋನನ್ನು ಹೂಡದೆ, ಕಡಲೆಕಾಯಿ ಎಣ್ಣೆ ಸವರಿದ ಪುರಿಯನ್ನಾಗಲಿ ಕೊಬ್ಬರಿಯ ಚೂರನ್ನಾಗಲಿ ಇಟ್ಟು ರೂಢಿಮಾಡಿಸಿ, ಅನಂತರ ಹೂಡಬೇಕು. ಮನೆಯಲ್ಲಿ ಗೋಡೆಯ ಮಗ್ಗುಲಲ್ಲಿ, ತಿಂಡಿಯ ತುದಿಯು ಗೋಡೆಯ ಕಡೆಗಿರುವಂತೆ ಅಡ್ಡವಾಗಿಯೂ, ಗದ್ದೆಯಲ್ಲಿ ಬದುವಿನ ಮಗ್ಗುಲ ಇಲಿದಾರಿಯಲ್ಲಿಯೂ ಇಡಬೇಕು. ಬೋನನ್ನು ಗೂಟಕ್ಕೆ ಕಟ್ಟಿರಬೇಕು.

೫. ಹಿಡಿಯಬಾರದ ಪ್ರಾಣಿಗಳು.— ಮುಂಗುಸಿ, ಪುನುಗುಬೆಕ್ಕು, ನರಿ, ಉಡ, ಕೇರೆಹಾವು, ಗೂಬೆ ಇವುಗಳನ್ನು ಹಿಡಿಯುವುದೂ ಕೊಲ್ಲುವುದೂ ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಅಪರಾಧ. ಮೇಲಾಗಿ ಇವುಗಳಲ್ಲಿ ಅನೇಕವು ಇಲಿಗಳನ್ನು ತಿಂದು ಕೂಲಿಯಿಲ್ಲದೆ ರೈತನ ಕಾವಲು ಕಾಯುತ್ತವೆ. ಆದಕಾರಣ ಇಲಿಯ ಅಳತೆಗೆ ಮೀರಿದ ಬೋನು, ಹಲ್ಲುಳ್ಳ ಕಬ್ಬಿಣದ ಬೋನು, ತಂತಿಯ ಉರುಳು ಇವುಗಳನ್ನು ಎಂದಿಗೂ ಇಡಕೂಡದು. ಸಂಜೆ ಹೂಡಿದ ಬೋನುಗಳನ್ನು ಎಣಿಸಿಟ್ಟುಕೊಂಡು, ಬೆಳಗಾಗುತ್ತಲೇ ಲೆಕ್ಕದಂತೆ ತೆಗೆದುಬಿಡಬೇಕು.

೬. ಸತ್ತ ಇಲಿ.— ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗನ್ನು ಮರೆಯಬಾರದು. ಸತ್ತ ಇಲಿಯ ಮೈಯಿಂದ ಇಳಿದ ಚಿಗಟಗಳೇ ಆ ರೋಗವನ್ನು ಮನುಷ್ಯರಿಗೆ ತರುತ್ತವೆ. ಇಲಿಯ ಮೂತ್ರದಿಂದ ಇಲಿಜ್ವರವೂ ಹರಡುತ್ತದೆ. ಬರಿಗೈಯಿಂದ ಮುಟ್ಟದೆ, ಇಕ್ಕಳದಿಂದ ಎತ್ತಿ ಆಳವಾಗಿ ಹೂಳಿ, ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು. ಬೋನಿಗೆ ಬೀಳದೆ ಇಲಿಗಳು ತಾವಾಗಿಯೇ ಸಾಯತೊಡಗಿದರೆ ಕೂಡಲೇ ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕು.

೭. ಗ್ರಾಮದ ಒಕ್ಕಟ್ಟು.— ಒಬ್ಬನೇ ತನ್ನ ಹೊಲದಲ್ಲಿ ಬೋನಿಟ್ಟರೆ ನೆರೆಯ ಹೊಲದ ಇಲಿಗಳು ಬಂದು ಖಾಲಿಯಾದ ಬಿಲಗಳನ್ನು ಸೇರುವುವು. ಗ್ರಾಮದ ಮುಖಂಡರು ಪೈರು ತೆನೆಗಟ್ಟುವುದಕ್ಕೆ ಮುಂಚೆಯೇ ಒಂದು ವಾರವನ್ನು ಗೊತ್ತುಮಾಡಿ, ಹಿಡುವಳಿದಾರರೆಲ್ಲರೂ ಏಕಕಾಲದಲ್ಲಿ ಬೋನುಗಳನ್ನು ಹೂಡುವಂತೆ ಏರ್ಪಡಿಸಬೇಕು. ಬದುಗಳನ್ನು ಕಿರಿದಾಗಿಟ್ಟು ಕಳೆ ತೆಗೆದರೆ ಇಲಿಗೆ ನೆಲೆಯೂ ಮರೆಯೂ ಕಡಮೆಯಾಗುವುವು.