ಹೊಟ್ಟೆಯ ಬೊಜ್ಜು, ಎಳೆಯ ಹೃದಯ

ಗುಂಡುಗುಂಡಾದ ಮಗುವನ್ನು ಕಂಡು ಹಿಗ್ಗದ ಮನೆಯಿಲ್ಲ. ಯಾರ ಕಣ್ಣೂ ತಾಗದಿರಲೆಂದು ಅದರ ಕೆನ್ನೆಗೆ ದೃಷ್ಟಿಬೊಟ್ಟಿಡುವುದು ಹಿರಿಯರ ವಾಡಿಕೆ. ಬರವನ್ನೂ ಹಸಿವನ್ನೂ ಕಂಡುಂಡ ಜನಕ್ಕೆ ಮೈತುಂಬಿದ ಮಗು ಸೌಭಾಗ್ಯದ ಕುರುಹಾಗಿ ತೋರಿದ್ದು ಸಹಜವೇ. ಆದರೆ ಮಗು ಬೆಳೆದು ಹತ್ತು ಹನ್ನೆರಡು ವರ್ಷವಾದಾಗಲೂ ಹೊಟ್ಟೆ ಮುಂದಕ್ಕೆ ಬಂದೇ ಇದ್ದರೆ ಅದನ್ನು ಪುಷ್ಟಿಯೆಂದು ಕರೆಯಲಾಗದು.

ಕೊಬ್ಬು ಸ್ವತಃ ಶತ್ರುವಲ್ಲ. ಚರ್ಮದಡಿಯಲ್ಲಿ ಹರಡಿರುವ ಕೊಬ್ಬು ಮೈಯ ಶಾಖವನ್ನು ಕಾಯುತ್ತದೆ. ಹಸಿದ ದಿನಗಳಿಗೆ ಒದಗುವ ಇಡುಗಂಟೂ ಅದೇ. ಅದು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ. 1947ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದ ವೈದ್ಯ ಝಾನ್ ವಾಗ್, ತೊಡೆ ಸೊಂಟಗಳ ಬೊಜ್ಜಿಗಿಂತ ದೇಹದ ಮೇಲ್ಭಾಗದ ಬೊಜ್ಜೇ ಮಧುಮೇಹಕ್ಕೂ ಧಮನಿಗಳ ರೋಗಕ್ಕೂ ಹೆಚ್ಚು ಸಮೀಪವೆಂದು ತೋರಿಸಿದನು.

ಹೊಟ್ಟೆಯೊಳಗೆ, ಕರುಳುಗಳ ನಡುವೆ ಶೇಖರವಾಗುವ ಕೊಬ್ಬು ಸುಮ್ಮನೆ ಬಿದ್ದಿರುವ ಸರಕಲ್ಲ. ಅದರಿಂದ ಹೊರಬೀಳುವ ಮೇದಾಮ್ಲಗಳು ರಕ್ತದೊಡನೆ ನೇರವಾಗಿ ಯಕೃತ್ತನ್ನು ಸೇರುತ್ತವೆ. ಯಕೃತ್ತು ಅವುಗಳಿಂದ ಕೊಬ್ಬಿನ ಕಣಗಳನ್ನು ಕಟ್ಟಿ ಮತ್ತೆ ರಕ್ತಕ್ಕೆ ಕಳುಹಿಸುತ್ತದೆ. ಇನ್ಸುಲಿನ್ನಿನ ಆಜ್ಞೆಗೆ ಅಂಗಾಂಗಗಳು ಮೊದಲಿನಂತೆ ಮಣಿಯವು. ಮೇದೋಜೀರಕ ಗ್ರಂಥಿ ಇಮ್ಮಡಿ ದುಡಿಯಬೇಕಾಗುತ್ತದೆ. ರಕ್ತದೊತ್ತಡ ಏರುತ್ತದೆ, ಧಮನಿಗಳ ಒಳಗೋಡೆ ತನ್ನ ಮೆದುತನವನ್ನು ಕಳೆದುಕೊಳ್ಳುತ್ತದೆ. ಇಷ್ಟಾದರೂ ಮಗುವಿಗೆ ನೋವಿಲ್ಲ, ಜ್ವರವಿಲ್ಲ. ಇದರ ದೊಡ್ಡ ಮೋಸವೇ ಅದು.

ಮೋಸ ಬಯಲಾದದ್ದು ಅಮೆರಿಕದ ಲೂಯಿಸಿಯಾನಾ ಪ್ರಾಂತದ ಬೊಗಲೂಸಾ ಎಂಬ ಸಣ್ಣ ಊರಿನಲ್ಲಿ. ಅಲ್ಲಿ ಜೆರಾಲ್ಡ್ ಬೆರೆನ್‌ಸನ್ ಎಂಬ ವೈದ್ಯನೂ ಅವನ ಸಂಗಡಿಗರೂ 1970ರ ದಶಕದಿಂದ ಊರಿನ ಮಕ್ಕಳನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಬಂದರು. ಅಪಘಾತವೇ ಮೊದಲಾದ ಕಾರಣಗಳಿಂದ ಅಕಾಲದಲ್ಲಿ ಮಡಿದ, 2ರಿಂದ 39 ವರ್ಷದೊಳಗಿನ 204 ಮಂದಿಯ ಧಮನಿಗಳನ್ನು ಪರಿಶೀಲಿಸಿದ ವರದಿ 1998ರಲ್ಲಿ ಪ್ರಕಟವಾಯಿತು. ಎಳೆಯರ ನಾಳಗಳಲ್ಲಿಯೂ ಕೊಬ್ಬಿನ ಗೆರೆಗಳು ಮೂಡಿದ್ದವು. ತೂಕ, ರಕ್ತದೊತ್ತಡ, ರಕ್ತದ ಕೊಬ್ಬು ಇವು ಒಂದರ ಮೇಲೊಂದು ಕೂಡಿದಷ್ಟೂ ಗೆರೆಗಳು ಹರಡಿದ್ದವು. ಐವತ್ತರ ವಯಸ್ಸಿನಲ್ಲಿ ಎದೆ ಹಿಡಿದು ಕುಸಿಯುವವನ ರೋಗಕ್ಕೆ ಬೀಜ ಬಿದ್ದದ್ದು ಶಾಲೆಯ ದಿನಗಳಲ್ಲಿಯೇ ಇರಬಹುದು! ಮರುವರ್ಷ ಅದೇ ಊರಿನ ಸುಮಾರು 3,000 ಮಕ್ಕಳ ಅಧ್ಯಯನದಿಂದ ಮತ್ತೊಂದು ಸಂಗತಿ ತಿಳಿಯಿತು: ಎತ್ತರ ತೂಕಗಳು ಸಮವಾಗಿದ್ದರೂ ಹೊಟ್ಟೆಯ ಸುತ್ತಳತೆ ಹೆಚ್ಚಿದ್ದವರ ರಕ್ತದಲ್ಲಿ ಕೆಟ್ಟ ಕೊಬ್ಬೂ ಇನ್ಸುಲಿನ್ನೂ ಹೆಚ್ಚಾಗಿದ್ದವು.

ಭಾರತೀಯರಿಗೆ ಈ ಮಾತು ಇನ್ನೂ ಹತ್ತಿರದ್ದು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರು ಅಲ್ಲಿಯ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದರು. ಇಲ್ಲಿಯ ಶಿಶುಗಳ ತೂಕ ಬಹಳ ಕಡಿಮೆ, ಸ್ನಾಯುವೂ ಕಡಿಮೆ. ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಇಳಿದಿರಲಿಲ್ಲ. ಆದುದರಿಂದ ತೆಳ್ಳಗೆ ಕಾಣುವ ಬಾಲಕನೂ ತನ್ನ ಹೊಟ್ಟೆಯಲ್ಲಿ ಕೊಬ್ಬನ್ನು ಅಡಗಿಸಿಟ್ಟುಕೊಂಡಿರಬಹುದು. ತಕ್ಕಡಿಯೊಂದನ್ನೇ ನಂಬಿದರೆ ಇದು ತಿಳಿಯುವುದಿಲ್ಲ.

ಇದನ್ನು ಅಂದಾಜು ಮಾಡಲು ದರ್ಜಿಯ ಅಳತೆಪಟ್ಟಿ ಸಾಕು. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಸುತ್ತಳತೆಯನ್ನು ತೆಗೆಯಬೇಕು. ಅದು ಎತ್ತರದ ಅರ್ಧಕ್ಕಿಂತ ಕಡಿಮೆಯಿರುವುದು ಲೇಸು. 140 ಸೆಂಟಿಮೀಟರ್ ಎತ್ತರದ ಬಾಲಕಿಗೆ 70ರ ಒಳಗೆ.

ಅಳತೆ ಮೀರಿದವರನ್ನು ‘ಡುಮ್ಮ’ನೆಂದು ಹಂಗಿಸುವುದರಿಂದ ಆಗುವ ಲಾಭ ಏನೂ ಇಲ್ಲ, ನೊಂದ ಮಗು ಆಟದ ಬಯಲಿನಿಂದ ಇನ್ನೂ ದೂರ ಸರಿಯುತ್ತದೆ. ಉಪವಾಸವೂ ಬೇಕಿಲ್ಲ. ಬೆಳೆಯುವ ಮಕ್ಕಳಿಗೊಂದು ಅನುಕೂಲವುಂಟು: ಎಷ್ಟೋ ಮಕ್ಕಳಲ್ಲಿ ತೂಕ ಇಳಿಯಲೇಬೇಕೆಂದಿಲ್ಲ, ಎತ್ತರ ಏರುತ್ತಿರುವಾಗ ತೂಕ ನಿಂತಲ್ಲಿ ನಿಂತರೂ ಸಾಕು. ಸಕ್ಕರೆಯ ಪಾನೀಯ, ಕರಿದ ತಿಂಡಿಗಳು ದಿನದ ಊಟವಾಗಬಾರದು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕೆ ಕಬಡ್ಡಿಯಾದರೂ ಆಗಬಹುದು, ಹಗ್ಗದಾಟವಾದರೂ ಆಗಬಹುದು. ದುಡಿಮೆಗೆ ಹೊಟ್ಟೆಯೊಳಗಿನ ಕೊಬ್ಬು ಬೇಗ ಕರಗುತ್ತದೆ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಅಳತೆಪಟ್ಟಿ ಒಂದೆರಡು ಸೆಂಟಿಮೀಟರ್ ಸಡಿಲವಾಗುವುದು ಇದೇ ಕಾರಣದಿಂದ.