ಅರವತ್ನಾಲ್ಕು ಮನೆಗಳ ಸಾಧಕ

ಕಟ್ಟೆಯ ಮೇಲೆ ಇದ್ದಿಲಿನಿಂದ ಮನೆ ಗೀಚಿ ಹುಲಿ-ಕುರಿ ಆಡುವ ಮಕ್ಕಳನ್ನು ದೇವದುರ್ಗ, ಮಾನ್ವಿ ಸೀಮೆಯ ಹಿರಿಯರು ಕಂಡವರೇ. "ಆಟದಿಂದ ಹೊಟ್ಟೆ ತುಂಬೀತೇ?" ಎಂದು ಗದರಿಸಿ ಎಬ್ಬಿಸಿದವರೂ ನಾವೇ. ಆದರೆ ಆಟವೂ ಒಂದು ವಿದ್ಯೆಯೆಂಬುದಕ್ಕೆ ಬೆಂಗಳೂರಿನ ಚದುರಂಗಪಟು ಪ್ರಣವ್ ಆನಂದ್ ಅವರ ಸಾಧನೆ ನಿದರ್ಶನವಾಗಿದೆ.

2022ರ ಸೆಪ್ಟೆಂಬರಿನಲ್ಲಿ ರುಮೇನಿಯಾ ದೇಶದ ಕಪ್ಪು ಸಮುದ್ರ ತೀರದ ಮಾಮಾಯಾದಲ್ಲಿ ವಿಶ್ವ ಯುವ ಚದುರಂಗ ಪಂದ್ಯಾವಳಿ ನಡೆಯಿತು. ಹದಿನೈದರ ಪ್ರಣವ್ 16 ವರ್ಷದೊಳಗಿನವರ ವಿಭಾಗದಲ್ಲಿ ಚಿನ್ನದ ಪದಕ ಗೆದ್ದರು. ಅಲ್ಲಿಯೇ ಭಾರತದ 76ನೆಯ ಗ್ರ್ಯಾಂಡ್‌ಮಾಸ್ಟರ್ ಆದರು.

ಈ ಪದವಿ ಒಂದೇ ಗೆಲುವಿನಿಂದ ದೊರೆಯುವಂಥದಲ್ಲ. ಬಲಿಷ್ಠ ಆಟಗಾರರು ಸೇರಿದ ಪಂದ್ಯಾವಳಿಗಳಲ್ಲಿ ಉನ್ನತ ಮಟ್ಟದ ಆಟವಾಡಿ ಮೂರು 'ನಾರ್ಮ್'ಗಳನ್ನು ಪಡೆಯಬೇಕು. ಜೊತೆಗೆ 2500 ರೇಟಿಂಗ್ ಅಂಕ ಮುಟ್ಟಬೇಕು. ಪ್ರಣವ್ ಮೂರನೆಯ ನಾರ್ಮನ್ನು ಅದೇ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಪಡೆದಿದ್ದರು. ಉಳಿದಿದ್ದ ಅಂಕಗಳ ಕೊರತೆ ರುಮೇನಿಯಾದಲ್ಲಿ ನೀಗಿತು.

ಆ ದೇಶಕ್ಕೂ ಚದುರಂಗದ ಹಿರಿಮೆಯುಂಟು. ಫ್ಲೋರಿನ್ ಗೆಯೋರ್ಗಿಯು 1965ರಲ್ಲಿ ರುಮೇನಿಯಾದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದರು. ಮರುವರ್ಷ ಹವಾನಾದಲ್ಲಿ, ಮುಂದೆ ವಿಶ್ವವಿಜೇತನಾದ ಬಾಬಿ ಫಿಶರ್‌ನನ್ನೇ ಸೋಲಿಸಿದರು.

ನಮ್ಮ ನಾಡಿನಲ್ಲಿ ಈ ಪದವಿಯನ್ನು ಮೊದಲು ಪಡೆದವರು ಮೈಸೂರಿನ ಎಂ. ಎಸ್. ತೇಜಕುಮಾರ್. ಅದು 2017ರಲ್ಲಿ, ಆಗ ಅವರು ಮೂವತ್ತು ದಾಟಿದ್ದರು. ಮರುವರ್ಷ ಶಿವಮೊಗ್ಗದ ಸ್ಟ್ಯಾನಿ ಅವರೂ ಆ ಸಾಲಿಗೆ ಸೇರಿದರು. ಒಬ್ಬರಿಗೆ ಹದಿನೈದರಲ್ಲಿ ಒಲಿದದ್ದು ಮತ್ತೊಬ್ಬರಿಗೆ ತಡವಾಗಿ ಒಲಿಯಿತು. ವಿಳಂಬವೇ ಸೋಲಲ್ಲವೆಂಬ ಪಾಠ ಇದರಲ್ಲಿದೆ.

ರಾಯಚೂರಿನಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ದೂರ. ತರಬೇತಿ, ಪ್ರವೇಶ ಶುಲ್ಕ, ವಿದೇಶ ಪ್ರಯಾಣಗಳ ವೆಚ್ಚವನ್ನು ಮಳೆ ನಂಬಿದ ಒಕ್ಕಲುತನದ ಮನೆ ಹೊರುವುದು ಸುಲಭವಲ್ಲ. ಇದನ್ನು ಮರೆಮಾಚಿ ತಾಯಿತಂದೆಯರಲ್ಲಿ ಹುಸಿ ಆಸೆ ಹುಟ್ಟಿಸಲು ನಾವು ಬಯಸುವುದಿಲ್ಲ. ಆದರೆ ಮೊದಲ ಹೆಜ್ಜೆಗೆ ಒಂದು ಹಲಗೆ, ಮೂವತ್ತೆರಡು ಕಾಯಿ, ಎದುರು ಕುಳಿತು ಆಡುವ ಹಿರಿಯರೊಬ್ಬರು ಸಾಕು. ಶಾಲೆಯ ಓದು ಕೆಡದಂತೆ ಸಂಜೆ ಒಂದು ಗಂಟೆ ಆಡಲಿ. ಸೋತ ಆಟವನ್ನು ಬರೆದಿಟ್ಟು ತಪ್ಪು ಹುಡುಕಲಿ. ಮಗು ಪದವಿ ಪಡೆಯದಿದ್ದರೂ, ವಿಚಾರಮಾಡಿ ಹೆಜ್ಜೆಯಿಡುವ, ಸೋಲನ್ನು ಸಮಚಿತ್ತದಿಂದ ಸ್ವೀಕರಿಸುವ ಗುಣ ಮನೆಗೆ ಲಾಭವೇ ಸರಿ.

ಇನ್ನು ಮುಂದೆ ಕಟ್ಟೆಯ ಮಕ್ಕಳನ್ನು ಗದರಿಸುವ ಮುನ್ನ, ಕ್ಷಣಹೊತ್ತು ಅವರ ಆಟವನ್ನು ನೋಡೋಣ.